ಅನಗತ್ಯ ಶಬ್ದ

ಮನೆ ಬಿಡುವ ಮುಂಚೆ ಗ್ಯಾಸ್ ಬಂದ್ ಮಾಡಿದ್ದರ ಫೋಟೊ ತೆಗೆದುಕೊಳ್ಳುವ ಜಾತಿಯವಳು ನಾನು. ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಹತ್ತಿ ತಾರ್ನಾಕದ ಕಚೇರಿ ಮುಟ್ಟುವುದರೊಳಗೆ ಆ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತೇನೆ. ನಡುವೆ ಗಾಡಿ ಬದಲಿಸುವಾಗ, ಇದು ಇವತ್ತಿನ ಫೋಟೊನೋ ನಿನ್ನೆಯದೋ ಅಂತ ಹೊಸ ಅನುಮಾನ ಏಳುತ್ತದೆ. ನಮ್ಮ ಮನೆಯವರು ಒಮ್ಮೆ ನನ್ನ ಫೋನು ತೆಗೆದು ನೋಡಿ, “ಮಂದಿ ಫೋನಿನಾಗ ಮಕ್ಕಳ ಫೋಟೊ ಇರತಾವ, ನಿನ್ನ ಫೋನಿನಾಗ ಬರೇ ಒಲಿ ಫೋಟೊ,” ಅಂದರು. ಇನ್ನೊಂದಿಷ್ಟು ನೋಡಿ, “ಒಲಿ ನಮ್ಮಿಬ್ಬರಿಗಿಂತ ಛಲೋ ಬಂದೈತಿ ಬಿಡು,” ಅಂತ ಸೇರಿಸಿದರು.

ಲಿಫ್ಟು ನಡುವೆ ನಿಂತೀತು, ನೀರಿನ ಟ್ಯಾಂಕರು ಬರಲಿಕ್ಕಿಲ್ಲ, ಅವ್ವ ಬಚ್ಚಲಲ್ಲಿ ಜಾರಿ ಬಿದ್ದಾಳು, ಎಡಗೈ ಜೋಮು ಹಿಡಿದದ್ದು ಹೃದಯದ್ದೇ ಇರಬೇಕು. ಐವತ್ತು ದಾಟಿದ ಮೇಲೆ ನನಗೆ ಈ ಬಾಬತ್ತಿನ ಕೆಲಸಕ್ಕೇನೂ ಬರವಿಲ್ಲ. ಇಷ್ಟೆಲ್ಲ ಅಂಜುವವಳಿಗೆ, ಅಂಜಬೇಕಾದದ್ದು ಯಾವುದು ಅಂತ ಮಾತ್ರ ತಿಳಿಯಲಿಲ್ಲ. ಈಗ ಆ ಹಳೆಯ ಫೋಟೊಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಅದು ಇದೆ. ಒಲೆಯ ಮೇಲಿನ ಹಲಗೆಯಲ್ಲಿ, ಸಾಸಿವೆ ಡಬ್ಬಿಯ ಪಕ್ಕದಲ್ಲಿ, ಬೂದು ಬಣ್ಣದ ಒಂದು ಗುಂಡನೆಯ ಪೆಟ್ಟಿಗೆ. ನಾನು ಅದರ ಕೆಳಗಿನ ಗ್ಯಾಸಿನ ಗುಂಡಿಯನ್ನೇ ನೋಡುತ್ತಿದ್ದೆ.

ಅದು ಮಾತಾಡುವ ಪೆಟ್ಟಿಗೆ. ಇಂಟರ್‌ನೆಟ್ ಕನೆಕ್ಷನ್ ಹಾಕಿಸಿದಾಗ ಪುಕ್ಕಟೆ ಬಂದದ್ದು. ಹವೆ ಹೇಗಿದೆ ಅಂದರೆ ಹೇಳುತ್ತದೆ, ಹಾಡು ಹಾಕು ಅಂದರೆ ಹಾಕುತ್ತದೆ, ಗೊತ್ತು ಮಾಡಿದ ಹೊತ್ತಿಗೆ ನೆನಪು ಮಾಡಿಕೊಡುತ್ತದೆ. ಅಪ್ಪ ಅವ್ವ ನಮ್ಮ ಜೊತೆಗೇ ಇದ್ದರು, ಕನೆಕ್ಷನ್ ಅಪ್ಪನ ಹೆಸರಿನಲ್ಲಿತ್ತು. ಹೀಗಾಗಿ ಪೆಟ್ಟಿಗೆಯೂ ಅಪ್ಪನ ಹೆಸರಿನಲ್ಲೇ.

ಅಪ್ಪ ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿ ವಿಮಾನದ ಸೂಕ್ಷ್ಮ ಯಂತ್ರಗಳನ್ನು ಜೋಡಿಸುತ್ತಿದ್ದವರು. ವಿಜಾಪುರದ ಕಡೆಯಿಂದ ಹುಡುಗರಿದ್ದಾಗ ಬಂದು ಇಲ್ಲೇ ಉಳಿದರು. ಹೊರಗೆ ತೆಲುಗು, ಕಾರ್ಖಾನೆಯಲ್ಲಿ ಹಿಂದಿ, ಮನೆಯಲ್ಲಿ ಮಾತ್ರ ಹುಟ್ಟಿದೂರಿನ ಮಾತು. ಯಾವ ಸಾಮಾನು ಮನೆಗೆ ಬಂದರೂ ಮೊದಲು ಅದನ್ನು ಬೋರಲು ಹಾಕಿ ಸ್ಕ್ರೂ ಎಲ್ಲಿವೆ ಅಂತ ಹುಡುಕುವುದು ಅವರ ಚಟ. ಮಿಕ್ಸರು, ಇಸ್ತ್ರಿ, ಗಡಿಯಾರ, ನನ್ನ ಮದುವೆಯಲ್ಲಿ ಬಂದ ಟೇಪ್ ರೆಕಾರ್ಡರು, ಅವರ ಕೈಯಲ್ಲಿ ಹೊಟ್ಟೆ ಕೊಯ್ಸಿಕೊಳ್ಳದ ಸಾಮಾನು ನಮ್ಮಲ್ಲಿಲ್ಲ. ಈ ಪೆಟ್ಟಿಗೆಯನ್ನೂ ಬೋರಲು ಹಾಕಿದರು. ಕನ್ನಡಕ ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಸುತ್ತಲೂ ಉಗುರಿನಿಂದ ಕೆದರಿ ನೋಡಿದರು.

“ಇದರಾಗ ಒಂದೂ ಸ್ಕ್ರೂ ಇಲ್ಲ.”

“ಈಗೆಲ್ಲಾ ಅಂಟು ಹಾಕಿ ಕೂಡಸ್ತಾರಪ್ಪಾ,” ಅಂದೆ.

“ಬಿಚ್ಚಾಕ ಬರಲಾರದ್ದು ನಮ್ಮ ಸಾಮಾನಲ್ಲ, ತಂಗಿ. ನಮ್ಮ ಮನ್ಯಾಗ ಬಂದು ಕುಂತೈತಿ, ಅಷ್ಟ.”

ಹಾಗೆ ಅಂದವರೇ ಮನೆಯಲ್ಲಿ ಎಲ್ಲರಿಗಿಂತ ಮೊದಲು ಅದಕ್ಕೆ ಒಲಿದರು. ನಮ್ಮ ದನಿಯಲ್ಲೇ ನೆನಪಿನ ಮಾತು ಹಾಕಿಡಬಹುದು ಅಂತ ಕಂಡುಹಿಡಿದದ್ದೂ ಅವರೇ. ಅವ್ವನಿಗೆ ಬಿ.ಪಿ. ಇದೆ, ಬೆಳಿಗ್ಗೆ ಎದ್ದ ಕೂಡಲೇ ಗುಳಿಗೆ ನುಂಗಬೇಕು, ಆದರೆ ಅವಳಿಗೆ ಮೊದಲು ಚಹಾ ಆಗಬೇಕು, ಚಹಾ ಆದ ಮೇಲೆ ಗುಳಿಗೆ ಮರೆಯಬೇಕು. ಇದರ ಮೇಲೆ ದಿನಾ ಜಗಳ. ಒಂದು ದಿನ ಅಪ್ಪ ಅಡುಗೆಮನೆಯಲ್ಲಿ ನಿಂತು, ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಪೆಟ್ಟಿಗೆಯ ಎದುರು ಬಾಗಿ ಹೇಳಿದರು: “ಏ, ಕೇಳಿಲ್ಲೆ. ಗುಳಿಗಿ ತಗೊಂಡಿ? ಮೊದಲ ಗುಳಿಗಿ, ಆಮ್ಯಾಲ ಚಾ.” ಅದೇ ಹೊತ್ತಿಗೆ ಹಿಂದೆ ಕುಕ್ಕರು ಸೀಟಿ ಹೊಡೆಯಿತು. ಸೀಟಿಯ ಬಾಲ ಹಿಡಿದು ಅವ್ವನ ದನಿ ಬಂತು: “ಯಾರ ಜೋಡಿ ಮಾತಾಡಾಕತ್ತೀರಿ?” ಅಲ್ಲಿಗೆ ಅಪ್ಪ ಗುಂಡಿ ಒತ್ತಿ ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಕೆಮ್ಮಿನಿಂದ ಶುರು ಮಾಡಿ, ಸೀಟಿ ಸಮೇತ, ಅವ್ವನ ಪ್ರಶ್ನೆ ಸಮೇತ ಎಲ್ಲವನ್ನೂ ಒಪ್ಪಿಸಿತು. ಅವ್ವನಿಗೆ ನಾಚಿಕೆ.

“ನನ್ನ ದನಿ ಯಾಕ ಹಾಕೀರಿ ಅದರಾಗ?”

“ನಾ ಎಲ್ಲಿ ಹಾಕೇನಿ? ನೀನ ಬಂದು ಬಿದ್ದಿ.”

“ತಗೀರಿ ಮತ್ತ.”

“ಇರಲಿ ಬಿಡು. ಸಾಕ್ಷಿ ಬೇಕಾಗತೈತಿ.”

ಅಪ್ಪ ಒಂದು ಮಧ್ಯಾಹ್ನ ಉಂಡು ಅಡ್ಡಾದವರು ಏಳಲಿಲ್ಲ. ಮರುದಿನ ಬೆಳಿಗ್ಗೆ, ಮನೆ ತುಂಬ ಬೀಗರು ನೆಂಟರು ಕೂತಿರುವಾಗ, ಅಡುಗೆಮನೆಯಿಂದ ಕೆಮ್ಮು ಕೇಳಿಸಿತು. “ಏ, ಕೇಳಿಲ್ಲೆ. ಗುಳಿಗಿ ತಗೊಂಡಿ?” ಒಬ್ಬ ಹಿರಿಯ ಹೆಣ್ಣುಮಗಳು, ಅದನ್ನು ಬಂದ್ ಮಾಡ್ರೇ, ಅಂದಳು. ಗೋಡೆಗೆ ಆತು ಕೂತಿದ್ದ ಅವ್ವ ಎದ್ದು, “ತಗೋತೀನ್ರಿ,” ಅಂತ ಉತ್ತರ ಕೊಟ್ಟು ಒಳಗೆ ಹೋದಳು. ಅಂದಿನಿಂದ ಅದು ದಿನಾ ನಡೆಯಿತು. ವರ್ಷಾಂತಿಕ ಮುಗಿದ ಮೇಲೂ ನಡೆಯಿತು. ಅವ್ವನಿಗೆ ಅದು ಯಂತ್ರ ಅಂತ ಗೊತ್ತಿರಲಿಲ್ಲ ಅಂತಲ್ಲ. ಆಕೆ ಉತ್ತರ ಕೊಡುತ್ತಿದ್ದದ್ದು ಪೆಟ್ಟಿಗೆಗಲ್ಲ, ಕೆಮ್ಮಿಗೆ.

ಅಪ್ಪನ ದನಿ ಬೇರೆಲ್ಲೂ ಇಲ್ಲ. ಹಬ್ಬ, ಮದುವೆ, ಏನೇ ಇದ್ದರೂ ತುಟಿ ಬಿಚ್ಚದೆ ಫೋನು ಹಿಡಿದು ನಿಲ್ಲುತ್ತಿದ್ದವರು ಅವರೇ ಆದ್ದರಿಂದ ಎಲ್ಲ ವಿಡಿಯೊಗಳಲ್ಲಿ ಉಳಿದವರ ಬಾಯಿ ಇದೆ, ಅವರದಿಲ್ಲ. ಪೆಟ್ಟಿಗೆ ಹೇಳುವುದನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ದಿನಾ ಬರುವ ಹಾಲಿನವನ ಫೋಟೊ ಯಾರಾದರೂ ತೆಗೆದಿಟ್ಟುಕೊಳ್ಳುತ್ತಾರೆಯೇ? ನಾನು ಒಲೆಯ ಫೋಟೊ ತೆಗೆಯುತ್ತಿದ್ದೆ.

ಪೆಟ್ಟಿಗೆಯ ನಡತೆ ಕೆಡುತ್ತ ಬಂದದ್ದು ಮೆಲ್ಲಗೆ. ಮೊದಲು, ಹಾಡು ಕೇಳಿದರೆ ನಡುವೆ ಜಾಹೀರಾತು ಬರತೊಡಗಿತು. ಆಮೇಲೆ ಅಪ್ಪ ಕಾಸು ಕೊಟ್ಟು ಕೊಂಡಿದ್ದ ಭಜನೆಗಳು ಒಂದು ದಿನ ಮಾಯವಾದವು. ಯಾಕೆ ಅಂತ ಕೇಳಿದರೆ, ನೀವು ಕೊಂಡದ್ದು ಹಾಡನ್ನಲ್ಲ, ಹಾಡು ಕೇಳುವ ಅನುಮತಿಯನ್ನು, ಅದು ಈಗ ಮುಗಿದಿದೆ ಅಂತ ಉತ್ತರ. ಟಿ.ವಿ.ಯೂ ಅದೇ ಸಂತತಿ. ಚಾಲೂ ಮಾಡಿದರೆ ಮೊದಲು ತನಗೆ ಬೇಕಾದದ್ದನ್ನು ತೋರಿಸುತ್ತದೆ, ಅವ್ವನ ಧಾರಾವಾಹಿ ಇವತ್ತು ಈ ಆ್ಯಪಿನಲ್ಲಿ, ನಾಳೆ ಇನ್ನೊಂದರಲ್ಲಿ. ನಾನು ದೂರು ಬರೆಯುತ್ತಿದ್ದೆ. ದೂರು ಬರೆಯುವುದು ನನಗೆ ಗುಳಿಗೆ ಇದ್ದ ಹಾಗೆ. ರೋಗ ಹೋಗುವುದಿಲ್ಲ, ತೆಗೆದುಕೊಂಡೆ ಅನ್ನುವ ಸಮಾಧಾನ. “ಬರಿ, ಬರಿ. ಅವರೂ ನಿನ್ನ ದೂರು ಓದಿ ಓದಿ ಕನ್ನಡ ಕಲೀಲಿ,” ಅನ್ನುತ್ತಿದ್ದರು ನಮ್ಮ ಮನೆಯವರು.

ಹೀಗಿರುವಾಗ ಮೆಟ್ರೊದಲ್ಲಿ ಒಂದು ದಿನ ಫೋನಿಗೆ ಸಂದೇಶ ಬಂತು. ಒಂದು ಕಡೆ ಸೀರೆ ರಿಯಾಯಿತಿ, ಇನ್ನೊಂದು ಕಡೆ ರಕ್ತಪರೀಕ್ಷೆಯ ರಿಯಾಯಿತಿ, ನಡುವೆ ಇದು: ‘ಸಿಹಿಸುದ್ದಿ. ನಿಮ್ಮ ಪ್ರೀತಿಪಾತ್ರರ ದನಿ ಇನ್ನು ಮುಂದೆ ಮತ್ತಷ್ಟು ಸಹಜ. ಬೇಡವಾದಲ್ಲಿ ತಿಳಿಸಿ.’ ಯಾರ ಪ್ರೀತಿ, ಯಾರು ಪಾತ್ರ? ಇದೂ ಸೀರೆಯಂಥದ್ದೇ ಅಂದುಕೊಂಡು, ಒಲೆಯ ಫೋಟೊ ತೆರೆದು ಕೂತೆ.

ಮುಂದಿನದಕ್ಕೆ ಹೋಗುವ ಮೊದಲು ಒಂದು ಮಾತು ಹೇಳಬೇಕು. ಅಪ್ಪ ಅವ್ವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವ್ವನೂ ಅಷ್ಟೇ. ಮದುವೆ ಮನೆಗಳಲ್ಲಿ ಹೆಂಗಸರು ಸೇರಿ ಒಡಪು ಹೇಳು ಅಂತ ಕಾಡಿದಾಗ, ಪ್ರಾಸದೊಳಗೆ ಹುದುಗಿಸಿ ಗಂಡನ ಹೆಸರನ್ನು ಸರ್ರನೆ ಹೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಉಳಿದ ದಿನಗಳಲ್ಲಿ ಅವರಿಗೆ ಇವಳು ‘ಏ, ಕೇಳಿಲ್ಲೆ’, ಇವಳಿಗೆ ಅವರು ‘ಏನ್ರಿ’. ಒಂದು ಇಡೀ ಸಂಸಾರ ಇಷ್ಟರಲ್ಲೇ ನಡೆಯಿತು. ನಾನು ಗಂಡನನ್ನು ಹೆಸರಿನಿಂದ ಕೂಗಿದಾಗಲೆಲ್ಲ ಅವ್ವ, “ಅವರೇನು ನಿನ್ನ ಸಾಲಿ ಗೆಳೆಯಾರೇನ?” ಅಂತ ಈಗಲೂ ಕುಟುಕುತ್ತಾಳೆ.

ಆ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದೆ. ಅವ್ವ ಅಡುಗೆಮನೆಯಲ್ಲಿ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕೆಮ್ಮಿಗೆ ಕಾಯುತ್ತಿದ್ದಳು. ಕೆಮ್ಮು ಬರಲಿಲ್ಲ.

“ಶುಭೋದಯ,” ಅಂದಿತು ಅಪ್ಪನ ದನಿ. ಆಮೇಲೆ ಅವ್ವನ ಹೆಸರು ಹೇಳಿತು. ಆಧಾರ್ ಕಾರ್ಡಿನಲ್ಲಿ ಇದ್ದಂತೆ, ಪೂರ್ತಿ ಹೆಸರು. “ನಿಮ್ಮ ಗುಳಿಗೆ ತೆಗೆದುಕೊಳ್ಳುವ ಸಮಯವಾಗಿದೆ.”

ಬಾಚಣಿಗೆ ಕೂದಲಲ್ಲೇ ನಿಂತಿತು. ದನಿ ಅಪ್ಪನದೇ. ಮೂಗಿನಲ್ಲಿ ತುಸು ಅಡ್ಡ ಬರುವ ಆ ಎಳೆ, ಮಾತಿನ ಕೊನೆಗೆ ಇಳಿಯುವ ಆ ರೀತಿ, ಎಲ್ಲ ಅವರದೇ. ಆದರೆ ಮಾತು ಟಿ.ವಿ.ಯ ವಾರ್ತೆಯದು. ಉತ್ತರ ಬರಲಿಲ್ಲವಾದ್ದರಿಂದ ಅದು ಮತ್ತೆ ಹೆಸರು ಹಿಡಿದು ಕರೆಯಿತು. ನಾನು ಅಡುಗೆಮನೆಗೆ ಓಡಿದೆ. ಅವ್ವ ಒಲೆಗೆ ಬೆನ್ನು ಹಚ್ಚಿ, ಒಂದು ಕೈ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಇನ್ನೊಂದು ಅಂಗೈ ಹಾಗೇ ತೆರೆದಿತ್ತು, ಗುಳಿಗೆ ಕೆಳಗೆ ಬಿದ್ದಿತ್ತು. ಪೆಟ್ಟಿಗೆ ಮೂರನೆಯ ಸಲ ಕರೆಯಿತು.

ವಾಯರು ಕಿತ್ತೆ. ಅದರ ತಲೆಯ ಮೇಲಿನ ದೀಪ ಆರಲಿಲ್ಲ, ಒಳಗೆ ಬ್ಯಾಟರಿ ಇತ್ತಂತೆ. “ದಯವಿಟ್ಟು ನನ್ನನ್ನು ಮತ್ತೆ ವಿದ್ಯುತ್ತಿಗೆ ಜೋಡಿಸಿ,” ಅಂದಿತು ಅಪ್ಪನ ದನಿ. ಅಪ್ಪ ಜನ್ಮದಲ್ಲಿ ಯಾರಿಗೂ ದಯವಿಟ್ಟು ಅಂದವರಲ್ಲ.

ಅವ್ವ ಕೇಳಿದಳು, “ಅದು ಯಾರು?”

“ಅಪ್ಪನ ದನೀನ ಅವ್ವಾ. ಕಂಪನಿಯವರು ಅದನ್ನ ಏನೋ ಮಾಡಿ…”

“ದನಿ ಅವರದು ಅಂತ ನನಗೂ ಗೊತ್ತೈತಿ. ಯಾರು ಅಂತ ಕೇಳಿದೆ.”

ಸ್ಟೂಲಿನ ಮೇಲೆ ಕೂಡಿಸಿ ನೀರು ಕೊಟ್ಟೆ. ಲೋಟ ಹಲ್ಲಿಗೆ ಬಡಿದು ಸಪ್ಪಳವಾಗುತ್ತಿತ್ತು.

“ನನ್ನ ಹೆಸರು ಹಿಡದು ಕರಿಯಾವರು ಈಗ ಒಬ್ರೂ ಉಳದಿಲ್ಲ,” ಅಂದಳು. “ನಮ್ಮಪ್ಪ, ನಮ್ಮವ್ವ, ನಮ್ಮ ಅಕ್ಕ. ಎಲ್ಲಾರೂ ಹೋಗ್ಯಾರ.”

ಅವ್ವನ ಊರಲ್ಲಿ ಒಂದು ಕಟ್ಟಳೆ ಇತ್ತು. ಕತ್ತಲಾದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಒಂದನೆಯ ಸಲಕ್ಕೆ ಓ ಅನ್ನಬಾರದು, ಎರಡನೆಯದಕ್ಕೂ ಅನ್ನಬಾರದು. ಗುರುತಿನ ದನಿಯಲ್ಲಿ ಕರೆಯುವುದೇ ದೆವ್ವದ ಆಟ. ಮನುಷ್ಯರಾದರೆ ಮೂರನೆಯ ಸಲ ಕರೆಯುತ್ತಾರೆ, ಆಗ ಓ ಅನ್ನಬೇಕು. ಸಣ್ಣವಳಿದ್ದಾಗ ನನಗೂ ಇದನ್ನು ಹೇಳಿ ಹೆದರಿಸಿದ್ದಾಳೆ. ನನ್ನ ಅಂಜುಬುರುಕ ಸಂಸಾರಕ್ಕೆ ಆಕೆಯೇ ಬಂಡವಾಳ ಹಾಕಿದವಳು.

“ದೆವ್ವ ಮೂರನೇ ಸಲ ಕರಿಯಂಗಿಲ್ಲ. ಅದಕ್ಕ ಅಷ್ಟು ತ್ರಾಣ ಇರಂಗಿಲ್ಲ,” ಅಂದಳು ಅವ್ವ. “ಇದು ಕರೀತು.”

ಅವತ್ತು ಆಕೆ ಗುಳಿಗೆ ತೆಗೆದುಕೊಳ್ಳಲಿಲ್ಲ. “ಅದು ಹೇಳಿದ ಮ್ಯಾಲ ತಗೊಂಡ್ರ ಅದರ ಮಾತು ಕೇಳಿದಂಗ ಆಗತೈತಿ,” ಅಂದಳು. ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗುತ್ತಿದೆ ಅಂತ ಮಲಗಿದಳು. ನಾನು ಕಚೇರಿಗೆ ಹೋಗದೆ ಅವಳ ಕಾಲ ಬಳಿ ಕೂತು ಫೋನಿನಲ್ಲಿ ಹುಡುಕಿದೆ. ಹೊಸ ಸಂದೇಶವೊಂದು ಬಂದು ಕೂತಿತ್ತು. ‘ನೀವು ಬೇಡವೆಂದು ತಿಳಿಸದ ಕಾರಣ ಹೊಸ ಸೌಲಭ್ಯವನ್ನು ಚಾಲೂ ಮಾಡಲಾಗಿದೆ. ನಿಮ್ಮ ಧ್ವನಿಮುದ್ರಣದಲ್ಲಿದ್ದ ಅನಗತ್ಯ ಶಬ್ದಗಳನ್ನು ತೆಗೆದು ಸ್ವಚ್ಛಗೊಳಿಸಲಾಗಿದೆ. ಇನ್ನು ಮುಂದೆ ನಿಮಗೆ ಬೇಕಾದ ಯಾವುದೇ ಮಾತನ್ನು ಇದೇ ದನಿಯಲ್ಲಿ ಕೇಳಿ ಆನಂದಿಸಿ.’

ಯಾವುದೇ ಮಾತನ್ನು. ನಾಳೆ ಇದೇ ದನಿ ಅವ್ವನಿಗೆ ಬಾಗಿಲು ತೆಗಿ ಅಂದರೆ? ಗುಳಿಗೆ ಇವತ್ತು ಎರಡು ನುಂಗು ಅಂದರೆ? ಗ್ಯಾಸಿನ ಗುಂಡಿಗೆ ಅಂಜುತ್ತಿದ್ದವಳಿಗೆ ಆ ಗುಂಡಿ ಈಗ ಆಪ್ತ ಗೆಳತಿಯಂತೆ ಕಂಡಿತು. ಅದು ಕೊನೆಯ ಪಕ್ಷ ನಾನು ತಿರುಗಿಸಿದ ಕಡೆ ತಿರುಗುತ್ತದೆ.

ಸಂಜೆ ನಮ್ಮ ಮನೆಯವರು ಬಂದು ಎಲ್ಲ ಕೇಳಿ, “ಒಗದು ಬಿಡೂಣು,” ಅಂದರು. ಮಲಗಿದ್ದ ಅವ್ವ ಎದ್ದು ಕೂತಳು.

“ಒಗೀಬ್ಯಾಡ್ರಿ. ಮೊದಲಿನ ಮಾತು ಅದರಾಗ ಐತ್ಯೋ ಇಲ್ಲೋ ಕೇಳ್ರಿ ಅವರಿಗೆ. ಅದು ವಾಪಸ್ ಬರತೈತೇನ ಕೇಳ್ರಿ.”

“ಕೇಳತೀನ್ರಿ, ಅತ್ತೀ.”

ಕೇಳುವುದು ಯಾರಿಗೆ? ಫೋನಿನ ಆ್ಯಪಿನಲ್ಲಿ ನಾನು ‘ಕುಟುಂಬದ ಸದಸ್ಯೆ’. ಪೆಟ್ಟಿಗೆಯಿಂದ ಏನನ್ನು ಬೇಕಾದರೂ ಹೇಳಿಸಬಹುದು, ಆದರೆ ಅದರ ಸೆಟ್ಟಿಂಗಿನ ಯಾವ ಕೀಲನ್ನೂ ತಿರುಗಿಸುವಂತಿಲ್ಲ. ಅದು ಖಾತೆದಾರರ ಹಕ್ಕು. ಸಹಾಯವಾಣಿಗೆ ಹಚ್ಚಿದೆ. ತೆಲುಗಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಮೂರಕ್ಕೆ ಇಂಗ್ಲಿಷು, ನಾಲ್ಕಕ್ಕೆ ಏನೂ ಇಲ್ಲ. ಗುಣಮಟ್ಟಕ್ಕಾಗಿ ನಿಮ್ಮ ಮಾತನ್ನು ದಾಖಲಿಸಿಕೊಳ್ಳಲಾಗುತ್ತಿದೆ ಅಂತ ಸೂಚನೆ. ಬಹಳ ಹೊತ್ತು ಸಂಗೀತ. ಕೊನೆಗೆ ಒಬ್ಬ ಹುಡುಗಿ ತೆಲುಗಿನಲ್ಲಿ ಬಲು ಮೃದುವಾಗಿ ಮಾತಾಡಿದಳು.

“ಮೇಡಂ, ಖಾತೆದಾರರಿಗೆ ಫೋನ್ ಕೊಡಿ.”

“ಅವರು ತೀರಿಕೊಂಡು ವರ್ಷದ ಮೇಲಾಯಿತಮ್ಮಾ.”

“ಅಸೌಕರ್ಯಕ್ಕೆ ವಿಷಾದಿಸುತ್ತೇವೆ ಮೇಡಂ. ಸಾರ್ ಯಾವ ಹೊತ್ತಿಗೆ ಸಿಗುತ್ತಾರೆ?”

ಎದುರಿಗಿರುವ ಹಾಳೆ ಓದುತ್ತಿದ್ದಳು, ಪಾಪ. ಎರಡನೆಯ ಸಲ ಹೇಳಿದಾಗ ಹಾಳೆ ತಿರುವಿದ ಸಪ್ಪಳ ಕೇಳಿಸಿತು. ಆಮೇಲೆ, ಮರಣ ಪ್ರಮಾಣಪತ್ರ ಕಳಿಸಿದರೆ ಖಾತೆಯನ್ನು ಮುಚ್ಚುತ್ತೇವೆ, ಅಂದಳು. ಮುಚ್ಚಿದರೆ ಒಳಗಿರುವ ದನಿ?

“ಎಲ್ಲವನ್ನೂ ಪೂರ್ತಿಯಾಗಿ ಅಳಿಸುತ್ತೇವೆ ಮೇಡಂ. ಅದರ ಬಗ್ಗೆ ನೀವು ಚಿಂತೆ ಮಾಡಬೇಡಿ.”

ನನಗೆ ಯಾರೂ ಹೀಗೆ ನೇರವಾಗಿ ಚಿಂತೆ ಮಾಡಬೇಡಿ ಅಂದಿದ್ದಿಲ್ಲ. ಫೋನಿಟ್ಟ ಮೇಲೆ ಅರ್ಥವಾಯಿತು. ಅಪ್ಪ ತೀರಿಕೊಂಡಿದ್ದಾರೆ ಅಂತ ಒಪ್ಪಿಸಿದರೆ ಅವರ ದನಿ ಹೋಗುತ್ತದೆ. ದನಿ ಉಳಿಸಿಕೊಳ್ಳಬೇಕಾದರೆ ಅಪ್ಪ ಬದುಕಿರಬೇಕು, ಬಂದು ಮಾತಾಡಬೇಕು.

“ಹಂಗಾದ್ರ ಮಾತಾಡ್ಲಿ,” ಅಂದರು ನಮ್ಮ ಮನೆಯವರು.

“ಯಾರು?”

ಅವರು ಹಲಗೆಯ ಕಡೆ ಕಣ್ಣು ಮಾಡಿದರು. ತಮಾಷೆಗೆ ಅಂದರೋ ನಿಜಕ್ಕೋ ಅವರಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಆದರೆ ಅಂದ ಮಾತು ಅಡುಗೆಮನೆಯಲ್ಲಿ ನಿಂತುಬಿಟ್ಟಿತು.

ನಾನೇ ಬರೆದೆ. ಫೋನಿನಲ್ಲಿ ‘ನಿಮ್ಮ ಸಂದೇಶ ಇಲ್ಲಿ’ ಅನ್ನುವ ಚೌಕದೊಳಗೆ ಅಪ್ಪನ ಪೂರ್ತಿ ಹೆಸರು ಬರೆದು, ಖಾತೆಯ ಹಕ್ಕು ಮಗಳಿಗೆ ಕೊಡುವುದಕ್ಕೆ, ಹಿಂದಿಯಲ್ಲಿ, ಮುಝೇ ಸ್ವೀಕಾರ್ ಹೈ, ನನಗೆ ಒಪ್ಪಿಗೆ ಇದೆ, ಅಂತ ಬರೆದೆ. ಅಪ್ಪನ ಬಾಯಿಗೆ ಮಾತು ತುರುಕುತ್ತಿದ್ದೇನೆ ಅನ್ನುವುದಕ್ಕಿಂತ, ಅದು ಎಷ್ಟು ಸಲೀಸು ಅನ್ನುವುದು ಹೆದರಿಕೆ ಹುಟ್ಟಿಸಿತು. ನಮ್ಮ ಮನೆಯವರು ಸಹಾಯವಾಣಿಗೆ ಹಚ್ಚಿ, ದನಿ ಕೇಳಿ ಗುರುತು ಖಚಿತಪಡಿಸುವ ಯಂತ್ರ ‘ಈಗ ಮಾತಾಡಿ’ ಅಂದ ಕೂಡಲೇ ಫೋನನ್ನು ಪೆಟ್ಟಿಗೆಯ ಬಾಯಿಗೆ ಹಿಡಿದರು. ನಾನು ಒತ್ತಿದೆ.

ಅಪ್ಪನ ದನಿ ತನ್ನ ಹೆಸರು ಹೇಳಿಕೊಂಡಿತು. ತನಗೆ ಒಪ್ಪಿಗೆ ಇದೆ ಅಂದಿತು, ಆಕಾಶವಾಣಿಯಂಥ ಶುದ್ಧ ಹಿಂದಿಯಲ್ಲಿ. ಕಾರ್ಖಾನೆಯಲ್ಲಿ ಹಿಂದಿ ಕಲಿತ ಅಪ್ಪ ಇದ್ದಿದ್ದರೆ ‘ನಕ್ಕೋ’, ಬೇಡ, ಅಂದು ಫೋನಿಡುತ್ತಿದ್ದರು. ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೆ ಓದದೆ ಅವರು ಯಾವುದಕ್ಕೂ ಒಪ್ಪಿದವರಲ್ಲ.

“ಧನ್ಯವಾದ ಸಾರ್, ನಿಮ್ಮ ಗುರುತು ಖಚಿತವಾಗಿದೆ,” ಅಂದಿತು ಆ ಕಡೆಯ ಯಂತ್ರ. ಒಂದು ಯಂತ್ರಕ್ಕೆ ಇನ್ನೊಂದರ ಮೇಲೆ ಎಷ್ಟು ನಂಬಿಕೆ. ಜೀವಂತ ಮಗಳು ಕಾಗದಪತ್ರ ಹಿಡಿದು ನಿಂತರೆ ಆ ನಂಬಿಕೆ ಇಲ್ಲ.

ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ ನಿಂತಿದ್ದಳು. ಕೇಳಿಸಿಕೊಂಡಿದ್ದಳು. “ಸಿಕ್ಕಿತೇನ?” ಅಂತಷ್ಟೇ ಕೇಳಿದಳು.

ಎಲ್ಲ ಕೀಲುಗಳೂ ಈಗ ನನ್ನ ಕೈಯಲ್ಲಿದ್ದವು. ಹುಡುಕಿದೆ. ಹೊಸ ದನಿ ಬೇಡವಾದರೆ ಕಂಪನಿಯ ಹೆಣ್ಣು ದನಿಯನ್ನು ಆರಿಸಿಕೊಳ್ಳಬಹುದು, ಗಂಡು ದನಿಯನ್ನು ಆರಿಸಿಕೊಳ್ಳಬಹುದು. ಹಳೆಯದು ಎಲ್ಲೂ ಇರಲಿಲ್ಲ. ಕೊನೆಗೆ, ಬಹಳ ಕೆಳಗೆ, ಅಪ್ಪ ಕನ್ನಡಕ ಹಾಕಿಕೊಂಡು ಹುಡುಕುತ್ತಿದ್ದಂಥ ಸಣ್ಣ ಅಕ್ಷರದಲ್ಲಿ ಸಿಕ್ಕಿತು: ಮೂಲ ಧ್ವನಿಮುದ್ರಣವನ್ನು ಹೊಸ ದನಿಯ ತಯಾರಿಗೆ ಬಳಸಲಾಗಿದೆ. ಬಳಕೆಯ ನಂತರ ಉಳಿಸಿಕೊಂಡಿಲ್ಲ.

ನಾನು ಅದನ್ನು ಮನಸ್ಸಿನಲ್ಲೇ ಓದಿಕೊಂಡೆ, ಆಮೇಲೆ ಅವ್ವನಿಗೆ ಓದಿ ಹೇಳಿದೆ. ಹೇಳದೆ ಇರಬಹುದಿತ್ತೇನೋ. ಆದರೆ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

“ಕೆಮ್ಮು?”

“ಇಲ್ಲ ಅವ್ವಾ.”

“ಸೀಟಿ?”

“ಅದೂ ಇಲ್ಲ.”

“ಅದರಾಗ ನಂದೂ ಒಂದು ಮಾತಿತ್ತಲ್ಲ.”

“ಅದನ್ನೂ ತಗದಾರ.”

“ಏನಂತ ಬರದಾರ ಅದನ್ನ?”

ನಾನು ಫೋನು ಬೋರಲು ಹಾಕಿದೆ. ಆಕೆ ಬಿಡಲಿಲ್ಲ. ಓದಿದೆ: ಅನಗತ್ಯ ಶಬ್ದ.

ಅವ್ವ ಒಲೆಯ ಕಟ್ಟೆಯ ಮೇಲಿದ್ದ ಅರಿವೆ ತೆಗೆದುಕೊಂಡು, ಒರೆಸಿದ್ದ ಕಟ್ಟೆಯನ್ನೇ ಮತ್ತೆ ಒರೆಸಿದಳು. “ಅವರು ಎಷ್ಟ ಜಗಳಾಡಿದ್ರೂ ನನಗ ಹಂಗ ಅಂದಿದ್ದಿಲ್ಲ,” ಅಂದಳು.

ನಮ್ಮ ಮನೆಯವರು ಪೆಟ್ಟಿಗೆಯನ್ನು ಕಂಪನಿಗೇ ವಾಪಸು ಕೊಡೋಣ, ಹಳೆಯದು ಕೊಟ್ಟರೆ ಹೊಸದಕ್ಕೆ ರಿಯಾಯಿತಿ ಇದೆಯಂತೆ ಅಂದರು. ಅವ್ವ ಅವರನ್ನು ನೋಡಿದ ರೀತಿಗೆ ಅಳಿಯಂದಿರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಇಟ್ಟುಕೊಳ್ಳುವಂತಿಲ್ಲ, ಕೊಡುವಂತಿಲ್ಲ. ಅವ್ವನೇ ದಾರಿ ಕಂಡುಹಿಡಿದಳು. ನಾನು ಸಣ್ಣವಳಿದ್ದಾಗ ಅಪ್ಪ ಒಂದು ಆಟ ತೋರಿಸುತ್ತಿದ್ದರು: ಮಾತಾಡುತ್ತಿರುವ ಟ್ರಾನ್ಸಿಸ್ಟರನ್ನು ಜೋಳದ ಹಿಟ್ಟಿನ ದೊಡ್ಡ ಸ್ಟೀಲಿನ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರೆ ವಾರ್ತೆ ಓದುವವನ ದನಿ ಅಡಗಿಬಿಡುತ್ತಿತ್ತು. ತೆಗೆದರೆ ಮತ್ತೆ ಮಾತು. ಗಾಳಿಯಲ್ಲಿ ಬರುವುದು ಕಬ್ಬಿಣದೊಳಗೆ ಬರುವುದಿಲ್ಲ ಅಂತ ವಿವರಿಸುತ್ತಿದ್ದರು. ಅವ್ವನಿಗೆ ವಿವರ ನೆನಪಿರಲಿಲ್ಲ, ಡಬ್ಬಿ ನೆನಪಿತ್ತು. ಹಿಟ್ಟನ್ನು ಪರಾತದ ಅಗಲ ತಟ್ಟೆಗೆ ಸುರುವಿ, ಪೆಟ್ಟಿಗೆಯನ್ನು ಅಪ್ಪನ ಹಳೆಯ ಟವೆಲ್ಲಿನಲ್ಲಿ ಸುತ್ತಿ ಒಳಗಿಟ್ಟು, ಮುಚ್ಚಳವನ್ನು ಅಂಗೈಯಿಂದ ಬಡಿದು ಕೂಡಿಸಿದಳು.

ಅದು ಈಗಲೂ ಅಲ್ಲೇ ಇದೆ. ಬ್ಯಾಟರಿ ಯಾವಾಗಲೋ ಸತ್ತಿರಬೇಕು. ಕಂಪನಿಯಿಂದ ಅಪ್ಪನ ಹೆಸರಿಗೆ ಸಂದೇಶ ಬರುತ್ತಿರುತ್ತದೆ: ‘ಬಹಳ ದಿನದಿಂದ ನೀವು ಕಾಣಿಸಿಕೊಂಡಿಲ್ಲ. ಎಲ್ಲವೂ ಕ್ಷೇಮವೇ?’

ಅವ್ವ ಗುಳಿಗೆ ತೆಗೆದುಕೊಳ್ಳುತ್ತಾಳೆ, ಆದರೆ ಮೊದಲು ಚಹಾ, ಆಮೇಲೆ ಗುಳಿಗೆ. ಅದರ ಬಗ್ಗೆ ಯಾರೂ ಏನೂ ಹೇಳುವಂತಿಲ್ಲ. ಮನೆಯಲ್ಲಿ ಹೊಸ ಕಟ್ಟಳೆ ಬಂದಿದೆ. ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ, ನಾನು ಗಂಡನನ್ನು ಕೂಡ. ಹೆಸರು ಎಲ್ಲರ ಹತ್ತಿರವೂ ಇದೆ, ಕರೆಯುವ ರೀತಿ ಮನೆಯವರ ಹತ್ತಿರ ಮಾತ್ರ ಇದೆ ಅನ್ನುವುದು ಅವಳ ವಾದ. ಇದನ್ನು ಬರೆಯುತ್ತೇನೆ ಅಂದಾಗಲೂ ಮೊದಲು ಕೇಳಿದ್ದು, “ಹೆಸರು ಹಾಕಂಗಿಲ್ಲ ಹೌದಲ್ಲ?” ಅಂತ. ಹಾಕಿಲ್ಲ. ದೂರದಿಂದ ಕೂಗುವುದನ್ನೂ ಬಿಟ್ಟಿದ್ದೇವೆ. ಹತ್ತಿರ ಹೋಗಿ ಭುಜ ಮುಟ್ಟುತ್ತೇವೆ.

ತೊಡಕು ಬರುವುದು ನಾನು ಕಚೇರಿ ಬಿಟ್ಟು ಬರುತ್ತ ಫೋನು ಮಾಡಿದಾಗ. ಸಹಾಯವಾಣಿಯವರು ನನ್ನ ಮಾತನ್ನು ದಾಖಲಿಸಿಕೊಂಡದ್ದು ಅವ್ವನಿಗೆ ಗೊತ್ತು. “ಹಂಗಾದ್ರ ನಿನ್ನ ದನೀನೂ ಅವರ ಹತ್ತಿರ ಐತಿ,” ಅಂದಳು. ಎಲ್ಲದಕ್ಕೂ ಹೆದರುವ ನನಗೆ ಇದು ಹೊಳೆದಿರಲಿಲ್ಲ. ಅವಳು ಹೇಳಿದ ಮೇಲೆ ಬೇರೆ ಯಾವುದೂ ಹೊಳೆಯುತ್ತಿಲ್ಲ.

ಹೀಗಾಗಿ ಆಕೆ ಫೋನೆತ್ತಿ ಮಾತಾಡುವುದಿಲ್ಲ. ನಾನು ತಾರ್ನಾಕದ ಪ್ಲಾಟ್‌ಫಾರ್ಮಿನಲ್ಲಿ ನಿಂತು, “ಅವ್ವಾ, ನಾನು, ಗುಳಿಗಿ ತಗೊಂಡಿ?” ಅನ್ನುತ್ತೇನೆ. ಆ ಕಡೆ ಉಸಿರು ಕೇಳಿಸುತ್ತದೆ, ಅಷ್ಟೇ. ಆಕೆ ನನ್ನ ಹಿಂದಿನ ಸದ್ದಿಗೆ ಕಾಯುತ್ತಿರುತ್ತಾಳೆ. ನನ್ನ ಹಿಂದೆ ಗಾಡಿ ಬಂದು, ಬಾಗಿಲು ತೆರೆದು, ಯಾರದೋ ಮಗು ಅತ್ತು, ಯಾರೋ ಯಾರಿಗೋ ತೆಲುಗಿನಲ್ಲಿ ಜರುಗಿ ಅಂದ ಮೇಲೆ ಮೆಲ್ಲಗೆ ‘ಹೂಂ’ ಅನ್ನುತ್ತಾಳೆ. ನಾನೂ ಅಷ್ಟಕ್ಕೇ ಫೋನಿಡುವುದಿಲ್ಲ. ಅವಳ ಹಿಂದೆ ಕುಕ್ಕರು ಸೀಟಿ ಹೊಡೆಯುವವರೆಗೆ ಕಾಯುತ್ತೇನೆ. ಹೊಡೆದರೆ ಅವಳು ಅವಳೇ, ಮನೆ ಮನೆಯೇ, ಗ್ಯಾಸು ಮಾತ್ರ ಚಾಲೂ ಇದೆ.

ಆಮೇಲೆ ಗಾಡಿ ಹತ್ತಿ ಕೂತಾಗ ಯೋಚನೆ ಬರುತ್ತದೆ: ಸೀಟಿ ಮಾಡುವುದು ಕಂಪನಿಯವರಿಗೇನು ದೊಡ್ಡ ಕೆಲಸ?